ಡ್ರೋನಿಗೆ ಹಾಸಿದ ಸೀರೆ

ಬನ್ನಿ, ಕಾಲು ಮಡಚಿಕೊಂಡು ಕೂತುಕೊಳ್ಳಿ. ಬಾಗಿಲ ಹತ್ತಿರ ನಿಂತವರೂ ಒಳಗೆ ಸರಿಯಿರಿ, ನನ್ನ ದನಿ ಅಷ್ಟು ದೂರ ಬರುವುದಿಲ್ಲ. ಇದು ಒಬ್ಬ ಗುರು ತನ್ನ ಶಿಷ್ಯನಿಗೆ ಹೇಳಿದ ಕತೆ.

ಶಿಷ್ಯನಿಗೆ ಸರ್ಕಾರದಲ್ಲಿ ಅಧಿಕಾರಿಯ ಕೆಲಸ ಸಿಕ್ಕಿತ್ತು. ಹೊರಡುವ ದಿನ ಗುರುವಿನ ಕಾಲಿಗೆ ಬಿದ್ದು ಕೇಳಿದ: "ಗುರುಗಳೇ, ಮನುಷ್ಯ ಅಧಿಕಾರದಲ್ಲಿ ಕೂತರೆ ತನ್ನವರು, ಬೇರೆಯವರು ಎಂದು ನೋಡುತ್ತಾನೆ. ಯಂತ್ರಕ್ಕೆ ಆ ಪಕ್ಷಪಾತವಿಲ್ಲ. ಹಾಗಿದ್ದ ಮೇಲೆ ಆಡಳಿತವನ್ನೆಲ್ಲ ಯಂತ್ರದ ಕೈಗೇ ಕೊಟ್ಟುಬಿಟ್ಟರೆ ಏನು ತಪ್ಪು?"

ಗುರು ನಕ್ಕರು. ಇದೊಂದು ಕೇಳಿಕೊಂಡು ಹೋಗು ಎಂದು ಕತೆ ಶುರುಮಾಡಿದರು.

ಒಂದು ಊರು. ಊರಿಗೊಂದು ದೊಡ್ಡ ಕೆರೆ. ಕೆರೆಯ ತೂಬಿನಿಂದ ಹೊರಟ ಕಾಲುವೆ ಮೇಲಿನ ಗದ್ದೆಗಳನ್ನು ಹಾದು ಕೊನೆಯ ಗದ್ದೆಗಳಿಗೆ ಬರಬೇಕು. ಬರುತ್ತಿರಲಿಲ್ಲ. ನೀರು ಬಿಡುವ ಕೆಲಸ ನೀರಗಂಟಿಯದು. ಮೇಲಿನ ಗದ್ದೆಯವರು ಅವನನ್ನು ಕರೆದು ಜಗಲಿಯಲ್ಲಿ ಕೂರಿಸಿ ಕಾಫಿ ಕೊಡುತ್ತಿದ್ದರು, ಹಬ್ಬಕ್ಕೆ ಪಂಚೆ ಕೊಡುತ್ತಿದ್ದರು. ಅವನೂ ಮುಖ ನೋಡಿ ನೀರು ಬಿಡುತ್ತಿದ್ದ. ಕೊನೆಯವರ ಪಾಲಿಗೆ ಉಳಿಯುತ್ತಿದ್ದುದು ಕೆಸರು.

ದೂರು ಸರ್ಕಾರದ ತನಕ ಹೋಯಿತು. ಸರ್ಕಾರ ಒಬ್ಬ ಇಂಜಿನಿಯರನ್ನು ಕಳಿಸಿತು. ಅವನು ಒಂದೊಂದು ಗದ್ದೆಯ ಬಾಯಿಗೂ ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಬಾಗಿಲು ಕೂರಿಸಿದ. ದಿನಾ ಬೆಳಿಗ್ಗೆ ಒಂದು ಡ್ರೋನ್ ಗದ್ದೆಗಳ ಮೇಲೆ ಹಾರಿ ಹೋಗುತ್ತಿತ್ತು. ಹಸಿರನ್ನೋ ಉತ್ತ ಮಣ್ಣನ್ನೋ ಕಂಡರೆ ಬೇಸಾಯವಿದೆ ಎಂದು ಆ ಗದ್ದೆಯ ಬಾಗಿಲು ತೆರೆಸುತ್ತಿತ್ತು. ಒಣಹುಲ್ಲು ಕಂಡರೆ ಬೀಳು ಎಂದು ಮುಚ್ಚಿಸುತ್ತಿತ್ತು.

ಆ ವರ್ಷ ಕೊನೆಯ ಗದ್ದೆಗೂ ನೀರು ಬಂತು. ಯಾರ ಕೈಕಾಲೂ ಹಿಡಿಯದೆ ಬಂತು. ಜನ ಕುಣಿದಾಡಿದರು. ತೂಬಿನ ಹಳೆಯ ಕಬ್ಬಿಣದ ಹಿಡಿಯನ್ನು ತಮಟೆ ಬಾರಿಸಿಕೊಂಡು ಒಯ್ದು ಕೆರೆಗೆ ಎಸೆದರು. ಇನ್ನು ಮನುಷ್ಯನ ಕೈ ನೀರಿನ ತಂಟೆಗೆ ಬರಕೂಡದು ಎಂದು ಕೆರೆ ಏರಿಯ ಮೇಲೆ ನಿಂತು ಆಣೆ ಮಾಡಿದರು. ಇಂಜಿನಿಯರನೂ ಒಪ್ಪಿ, ಯಾರು ಹೇಳಿದರೂ ಬಾಗಿಲು ಕದಲದ ಹಾಗೆ ಬಂದೋಬಸ್ತು ಮಾಡಿ ಹೋದ. ಎಲ್ಲರಿಗಿಂತ ಜೋರಾಗಿ ಆಣೆ ಮಾಡಿದವಳು ಸಣ್ಣೀರಮ್ಮ ಎಂಬ ಒಕ್ಕಲಗಿತ್ತಿ. ಕೊನೆಯ ಗದ್ದೆಗಳಲ್ಲೇ ಕೊನೆಯದು ಅವಳದು.

ಮುಂದಿನ ಬೆಳೆ ಬಂತು. ಕೊನೆಯ ಗದ್ದೆಯವರದೊಂದು ಪದ್ಧತಿ. ಅವರು ಬೇರೆ ಬೇರೆ ಸಸಿ ಬೆಳೆಸುವುದಿಲ್ಲ. ಎಲ್ಲರ ಬಿತ್ತನೆ ಭತ್ತವನ್ನೂ ಕೂಡಿಸಿ ಒಬ್ಬರ ಸಸಿಮಡಿಯಲ್ಲಿ ಚೆಲ್ಲಿ, ಸಸಿ ಎದ್ದ ಮೇಲೆ ಹಂಚಿಕೊಂಡು ನಾಟಿ ಮಾಡುತ್ತಾರೆ. ಆ ಸಲ ಸರದಿ ಸಣ್ಣೀರಮ್ಮನದು. ಅವಳು ಮೊಳಕೆ ಭತ್ತ ಚೆಲ್ಲಿ, ಹಕ್ಕಿ ಹೆಕ್ಕದ ಹಾಗೆ, ಬಿಸಿಲು ತಾಗದ ಹಾಗೆ ಮೇಲೆ ಒಣಹುಲ್ಲು ಹೊದಿಸಿದಳು. ಬೆಳಿಗ್ಗೆ ಡ್ರೋನ್ ಬಂತು. ಹುಲ್ಲು ನೋಡಿತು. ಬಾಗಿಲು ಮುಚ್ಚಿಕೊಂಡಿತು.

ಮೇಲಿನವರು ಕೊಳವೆಬಾವಿ ನೀರಿನಲ್ಲಿ ಸಸಿ ಎಬ್ಬಿಸಿಕೊಂಡಿದ್ದರು, ಅವರಿಗೆ ಬಿಸಿ ತಟ್ಟಲಿಲ್ಲ. ಇಲ್ಲಿ ಇನ್ನೊಂದೆರಡು ಬಿಸಿಲು ಹೊಡೆದರೆ ಮೊಳಕೆ ಸಾಯುತ್ತದೆ. ಮತ್ತೆ ಚೆಲ್ಲಲು ಯಾರ ಮನೆಯಲ್ಲೂ ಬಿತ್ತನೆ ಉಳಿದಿಲ್ಲ. ಸಣ್ಣೀರಮ್ಮ ಫೋನು ಮಾಡಿದಳು. ಯಂತ್ರದ ದನಿ, ನಿಮ್ಮ ಜಮೀನು ಬೀಳು, ಧನ್ಯವಾದ ಎಂದಿತು. ಕಚೇರಿಗೆ ಓಡಿದಳು. ಹಳೆಯ ನೀರಗಂಟಿ ಈಗ ಅಲ್ಲಿ ಕಾವಲು ಕಾಯುತ್ತಿದ್ದ.

"ಹಿಡಿ ಎಸೆದವರು ನೀವೇ ಅಲ್ಲವೇನಕ್ಕ? ಈಜು ಬಂದರೆ ಹೋಗಿ ಹುಡುಕು" ಎಂದ.

ಸಣ್ಣೀರಮ್ಮ ತಿರುಗಿ ನಡೆದಳು. ಕೇರಿಗೆ ಬಂದು ಹೆಂಗಸರನ್ನೆಲ್ಲ ಸೇರಿಸಿ, ಮನೆಯಲ್ಲಿರುವ ಹಸಿರು ಸೀರೆಗಳನ್ನು ತನ್ನಿ ಎಂದಳು. ನಸುಕಿನಲ್ಲಿ ಎಲ್ಲರೂ ಮಡಿಯ ಹುಲ್ಲಿನ ಮೇಲೆ ಸೀರೆ ಹಾಸತೊಡಗಿದರು. ಒಬ್ಬಳು, ಇದು ನನ್ನ ಧಾರೆ ಸೀರೆ ಕಣೇ, ಕೊಳೆಯಾದರೆ ನೀನೇ ಒಗೆದು ಕೊಡಬೇಕು ಎಂದಳು. ಇನ್ನೊಬ್ಬಳು, ನಿನ್ನ ಗಂಡನಂತೂ ಕಣ್ಣೆತ್ತಿ ನೋಡಲಿಲ್ಲ, ಡ್ರೋನಾದರೂ ನೋಡಲಿ ಬಿಡು ಎಂದಳು.

ಡ್ರೋನ್ ನೋಡಿತು. ಬಾಗಿಲು ತೆರೆಯಿತು. ಸೀರೆಗಳ ಅಡಿಯಲ್ಲಿ ನೀರು ನುಗ್ಗಿ ಮಡಿ ತುಂಬಿತು. ಸಣ್ಣೀರಮ್ಮನ ಫೋನಿಗೆ, ನಿಮ್ಮ ಬೆಳೆ ಸೊಂಪಾಗಿದೆ, ಅಭಿನಂದನೆ ಎಂದು ಸಂದೇಶ ಬಂತು. ಓದಿ ಹೇಳಿದವಳ ನಗು ನಿಲ್ಲಲಿಲ್ಲ.

ಒಂದೇ ರಾತ್ರಿಯಲ್ಲಿ ಬೀಳು ಹಸಿರಾದ ಸುದ್ದಿ ಇಂಜಿನಿಯರನಿಗೂ ತಲುಪಿತು. ಇದೆಂಥ ಬೀಜ ಎಂದು ನೋಡಲು ಅವನೇ ಜೀಪು ಹತ್ತಿ ಬಂದ. ಬಂದು ಸೀರೆ ನೋಡಿದ. ಮುಖ ಕೆಂಪಾಯಿತು. ಸರ್ಕಾರಕ್ಕೆ ಮೋಸ ಮಾಡಿದ್ದೀರಿ, ಮೊಕದ್ದಮೆ ಹಾಕುತ್ತೇನೆ, ಈ ಬಾಗಿಲು ಇನ್ನು ತೆರೆಯದ ಹಾಗೆ ಮಾಡುತ್ತೇನೆ ಎಂದ. ಊರೆಲ್ಲ ಏರಿಯ ಮೇಲೆ ನೆರೆಯಿತು.

ಸಣ್ಣೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಹಾಕಿ ಸ್ವಾಮಿ, ಮೋಸ ಮಾಡಿದವಳು ನಾನೇ. ಆದರೆ ಬದುಕಿದ್ದ ಪೈರಿಗೆ ನೀರಿಲ್ಲ ಎಂದಿತು ನಿಮ್ಮ ಯಂತ್ರ, ಹಾಸಿದ ಸೀರೆಗೆ ನೀರು ಕೊಟ್ಟಿತು. ಅಗೋ, ಗದ್ದೆ ಬೀಳು ಬಿಟ್ಟು ಇಟ್ಟಿಗೆ ಗೂಡು ಹಾಕಿದವನು ಕಾಲುವೆ ನೀರಿಗಾಗಿ ಆಗಲೇ ಹಸಿರು ಪರದೆ ತರಲು ಪೇಟೆಗೆ ಹೋಗಿದ್ದಾನೆ. ನಾಳೆ ಅವನಿಗೂ ಅಭಿನಂದನೆ ಬರುತ್ತದೆ. ಬಂದು ನೋಡುವವರು ಒಬ್ಬರಿದ್ದಿದ್ದರೆ ನಾನು ಸೀರೆ ಹಾಸುತ್ತಿರಲಿಲ್ಲ, ಅವನು ಪರದೆ ತರುತ್ತಿರಲಿಲ್ಲ."

ಇಂಜಿನಿಯರ್ ಕಚೇರಿಗೆ ಹೋಗಲಿಲ್ಲ. ಪ್ಯಾಂಟು ಮಡಚಿ ಮಡಿಗೆ ಇಳಿದ. ಸೀರೆ ಎತ್ತಿದ, ಹುಲ್ಲು ಸರಿಸಿದ. ಕೆಳಗೆ ಬೆಳ್ಳಗಿನ ಮೊಳಕೆ. ಕುಕ್ಕರುಗಾಲಲ್ಲಿ ಕೂತು ಒಂದನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಎದ್ದು ಏರಿ ಹತ್ತಿ, ಕಟ್ಟಳೆ ಏನಿರಬೇಕು ನೀವೇ ಹೇಳಿ ಎಂದು ಜನರನ್ನೇ ಕೇಳಿದ.

ಕತ್ತಲಾಗುವವರೆಗೆ ಜಗಳವಾಡಿ ಜನ ಕಟ್ಟಳೆ ಮಾಡಿದರು. ಬಾಗಿಲು ತೆರೆಯುವುದನ್ನು ಯಂತ್ರ ತಾನೇ ಮಾಡಲಿ. ಮುಚ್ಚಬೇಕಾದರೆ ಮಾತ್ರ ಮೊದಲು ಒಬ್ಬ ಮನುಷ್ಯ ಆ ಗದ್ದೆಗೆ ನಡೆದು ಹೋಗಿ, ಕೈಯಿಂದ ಮಣ್ಣು ಮುಟ್ಟಿ ನೋಡಬೇಕು. ಯಾಕೆ ಮುಚ್ಚಿದೆ ಎಂದು ಏರಿಯ ಮೇಲೆ ಎಲ್ಲರೆದುರು ಹೇಳಬೇಕು. ಹೇಳಲಾರದವನು ಮುಚ್ಚಕೂಡದು. ಇಂಜಿನಿಯರ್ ಅದಕ್ಕೆ ರುಜು ಹಾಕಿದ. ಎಸೆದ ಹಿಡಿಯ ಬದಲು ಹೊಸದನ್ನು ಮಾಡಿಸಿಕೊಟ್ಟ. ಅಂದು ಬಾರಿಸಿದ ತಮಟೆ ಹಿಂದಿನ ವರ್ಷದ್ದಕ್ಕಿಂತ ಜೋರಾಗಿತ್ತು.

ಮುಂದೆ ಯಾರು ಏನಾದರು ಎಂದರೆ, ಸಣ್ಣೀರಮ್ಮನ ಮಡಿಯ ಸಸಿ ಕೊನೆಯ ಗದ್ದೆಗಳಿಗೆಲ್ಲ ಸಾಕಾಗಿ, ಮೇಲಿನ ಗದ್ದೆಯವರೂ ಒಂದಿಷ್ಟು ಕೇಳಿ ಒಯ್ದರು. ಗದ್ದೆ ನೋಡುವ ಕೆಲಸ ಹಳೆಯ ನೀರಗಂಟಿಗೇ ಬಂತು. ಎಲ್ಲರೆದುರು ಕಾರಣ ಹೇಳಬೇಕಾದ ಮೇಲೆ ಅವನಿಗೆ ಕಾಫಿ ಕೊಡುವವರಿಲ್ಲವಾದರು, ನಡೆದು ನಡೆದು ಹೊಟ್ಟೆ ಕರಗಿತು. ಹುಲ್ಲಿನ ಅಡಿಯಲ್ಲಿ ಮೊಳಕೆ ಇರಬಹುದು ಎಂಬುದನ್ನು ಡ್ರೋನಿಗೂ ಕಲಿಸಿದರು, ಅದು ಇವತ್ತಿಗೂ ಹಾರುತ್ತಿದೆ. ನೀರಗಂಟಿ ಮಣ್ಣು ಮುಟ್ಟಿ ನೋಡಿ ಬಾಗಿಲು ಮುಚ್ಚಿಸಿದ ಮೇಲೆ ಗೂಡಿನವನ ಹಸಿರು ಪರದೆ ಅವನ ಎಮ್ಮೆಗಳಿಗೆ ನೆರಳಾಯಿತು. ಧಾರೆ ಸೀರೆಯ ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ಸೀರೆಯವಳು ಆ ಕಲೆ ಕಾಣುವ ಹಾಗೆಯೇ ಸೆರಗು ಹೊದ್ದು ಎಲ್ಲರ ಮದುವೆಗೂ ಹೋದಳು. ಇಂಜಿನಿಯರ್ ಹೋದ ಹೋದ ಊರಲ್ಲೆಲ್ಲ ಯಂತ್ರ ಕೂರಿಸುವ ಮುಂಚೆ ಆ ಕಟ್ಟಳೆ ಮಾಡಿಸಿದ.

ಕತೆ ಮುಗಿಯಿತು. ಶಿಷ್ಯ, ಹಾಗಾದರೆ ಯಂತ್ರಕ್ಕೆ ಪಕ್ಷಪಾತವಿಲ್ಲ ಎಂದ ನನ್ನ ಮಾತು ಸುಳ್ಳೇ ಎಂದು ಕೇಳಿದ.

"ನಿನ್ನ ಮಾತು ನಿಜವೇ ಮಗು, ಅದಕ್ಕೆ ಸಣ್ಣೀರಮ್ಮನ ಮೇಲೆ ಪ್ರೀತಿಯೂ ಇರಲಿಲ್ಲ, ಕೋಪವೂ ಇರಲಿಲ್ಲ. ಆದರೆ ಹುಲ್ಲಿನ ಅಡಿಯ ಮೊಳಕೆ ಅದಕ್ಕೆ ಕಾಣಲಿಲ್ಲ. ಮಡಿಗೆ ಇಳಿದು ಹುಲ್ಲು ಸರಿಸುವ ಕೆಲಸಕ್ಕೆ ನಿನ್ನನ್ನು ಕರೆದಿದ್ದಾರೆ, ಹೊರಡು" ಎಂದರು ಗುರು.

ಶಿಷ್ಯ ಮತ್ತೊಮ್ಮೆ ಗುರುವಿನ ಕಾಲಿಗೆ ಬಿದ್ದು ಹೊರಟ.