ಬೇರಿಲ್ಲದ ಕರಿ ಬೆಳೆ

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಚಂಪಲಾದೇವಿಯವರ ಮೂರು ಒಗಟು ಬಿಡಿಸಿದವರಿಗೆ ಬೇಡಿದ ಬಹುಮಾನ. ಒಂದು ತಪ್ಪಿದರೂ ತಲೆದಂಡ!"

ಡಂಗುರ ಕೇಳಿದ್ದೇ ತಡ, ಬುದ್ಧಿವಂತರೆಲ್ಲ ಅರಮನೆಗೆ ಓಡಿದರು. ಆಲೆಮನೆಯ ಒಡೆಯ ದೊಡ್ಡೀರನೂ ಓಡಿದ, ತಪ್ಪು ಹೇಳಿ ಸೆರೆಮನೆ ಸೇರಿದ. ಸಂಜೆಗೆ ಅವನ ತಲೆ ಹೋಗುತ್ತದೆಂದು ತಿಳಿದು, ಒಲೆಗೆ ಉರಿ ಹಾಕುತ್ತಿದ್ದ ತಮ್ಮ ಸಣ್ಣೀರ ಮಸಿಗೈಯಲ್ಲೇ ರಾಜಕುಮಾರಿಯ ಸಭೆಗೆ ಬಂದು ನಿಂತ.

"ಕೂದಲಿಗಿಂತ ಸಪೂರ, ಒಳಗೆ ಬಿದಿರಿನ ಹಾಗೆ ಟೊಳ್ಳು, ಎಳೆದರೆ ಉಕ್ಕಿಗಿಂತ ಗಟ್ಟಿ. ಏನದು?" ಎಂದಳು ರಾಜಕುಮಾರಿ.

ಪಾಳೆಗಾರನ ಮಗ ತಾವರೆ ದಂಟಿನ ನೂಲೆಂದಿದ್ದ, ಆಸ್ಥಾನದ ಜೋಯಿಸರು ಜೇಡನ ಎಳೆಯೆಂದಿದ್ದರು. ಇಬ್ಬರೂ ಈಗ ದೊಡ್ಡೀರನ ಪಕ್ಕದಲ್ಲಿ ಕಂಬಿ ಎಣಿಸುತ್ತಿದ್ದರು.

"ಟೊಳ್ಳೋ ಏನೋ ನಾ ಕಾಣೆ ತಾಯಿ. ನಮ್ಮ ಒಲೇಲಿ ಕರೀ ತುಪ್ಪಟ ಒಂದು ಬೆಳೀತದೆ, ಅದೇ ಇರಬೇಕು."

ರಾಜಕುಮಾರಿ ಬೆಳ್ಳಿ ಕರಡಿಗೆ ತೆರೆದಳು. ಒಳಗೆ ಬೆಲ್ಲದಚ್ಚಿಗೆ ಅಂಟಿಕೊಂಡು ಬಂದಿದ್ದ ಚಿಟಿಕೆ ಕರಿ ತುಪ್ಪಟ! ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಅಜ್ಜಿಯ ಮಾಯದ ಹರಳಿನಲ್ಲಿ ಅದನ್ನು ನೋಡಿದ ದಿನದಿಂದ ಅವಳಿಗೆ ನಿದ್ದೆಯಿರಲಿಲ್ಲ.

"ಅದು ತಿನ್ನುವುದೇನು?"

"ರಸ ಹಿಂಡಿ ಬಿಸಾಕ್ತೀವಲ್ಲ, ಆ ಕಬ್ಬಿನ ಸಿಪ್ಪೆ ಹೊಗೆ. ಗಾಳಿ ಆಡ್ದಂಗೆ ಗಡಿಗೇಲಿ ಮುಚ್ಚಿ ಕಾಯಿಸ್ಬೇಕು."

"ನಾನೂ ಹಾಗೇ ನೂರು ಗಡಿಗೆ ಕಾಯಿಸಿದೆ, ಬರೀ ಮಸಿ ಬಂತು. ಅದರ ಬೀಜ ಯಾವುದು?"

ಸಣ್ಣೀರನಿಗೆ ಹಳೆಯ ಪೆಟ್ಟು ನೆನಪಾಯಿತು. ಒಮ್ಮೆ ಗಡಿಗೆಯ ಮಣ್ಣಿನ ಮುಚ್ಚಳ ಒಡೆದು, ಅಣ್ಣನಿಗೆ ಹೆದರಿ ತುಕ್ಕು ಹಿಡಿದ ಕಾವಲಿ ಮುಚ್ಚಿದ್ದ. ತುಪ್ಪಟ ಬೆಳೆದದ್ದು ಅದರ ಅಡಿಯಲ್ಲಿ. ಅಣ್ಣ ಹೊಲಸೆಂದು ಬೈದು, ಬೆನ್ನಿಗೆ ಎರಡು ಬಿಟ್ಟು, ಕೆರೆದು ಎಸೆದಿದ್ದ.

"ಕಬ್ಬಿಣದ ತುಕ್ಕು, ತಾಯಿ."

ಸಭೆ ಘೊಳ್ಳೆಂದಿತು. ಸಣ್ಣೀರ ಕೇಳಿದ: "ಸರಿಯೋ ತಪ್ಪೋ, ನಿಮಗಾದ್ರೂ ಗೊತ್ತಾ?"

"ಇಲ್ಲ," ಎಂದಳು ರಾಜಕುಮಾರಿ, ಮೆಲ್ಲಗೆ. "ಗೊತ್ತಿದ್ದರೆ ಡಂಗುರ ಯಾಕೆ ಸಾರಿಸುತ್ತಿದ್ದೆ?"

"ಹಂಗಾದ್ರೆ ಬೆಳೆದೇ ನೋಡಾಣ. ತುಕ್ಕು ಕೊಡಿ."

ಚಿನ್ನ ಬೆಳ್ಳಿಯ ಅರಮನೆಯಲ್ಲಿ ತುಕ್ಕು ಹಿಡಿದದ್ದು ಒಂದೇ, ತಲೆ ಕಡಿಯುವವನ ಕತ್ತಿ. ಮೂವತ್ತು ವರ್ಷದಿಂದ ಅದಕ್ಕೆ ಕೆಲಸವಿರಲಿಲ್ಲ. ಅದರ ತುಕ್ಕನ್ನು ಕೆರೆದು ಮುಚ್ಚಳದ ಅರ್ಧಕ್ಕೆ ಮೆತ್ತಿ ಗಡಿಗೆ ಕಾಯಿಸಿದರು. ಸಂಜೆ ತೆರೆದರೆ ಅರ್ಧದಲ್ಲಿ ಬರೀ ಮಸಿ, ತುಕ್ಕಿದ್ದಲ್ಲಿ ದಟ್ಟ ತುಪ್ಪಟ!

ರಾಜಕುಮಾರಿ ಮಗುವಿನಂತೆ ಚಪ್ಪಾಳೆ ತಟ್ಟಿದಳು. "ಏನು ಬೇಕು, ಕೇಳಪ್ಪ!"

"ನಮ್ಮಣ್ಣ ಬೇಕು. ಅವನ ಜೊತೆ ಇರೋರೂ ಬೇಕು. ಗೊತ್ತಿಲ್ದಿದ್ದಕ್ಕೆ ತಲೆ ಹೋಗೋದಾದ್ರೆ, ತಾಯಿ..."

ರಾಜಕುಮಾರಿಯ ಕೈ ತಾನಾಗಿ ತನ್ನ ಕೊರಳಿಗೆ ಹೋಯಿತು. ನಾಚಿಕೆಯಿಂದ ಮುಖ ಕೆಂಪಾಗಿ, ಸೆರೆಮನೆಯ ಬಾಗಿಲು ತೆರೆಸಿದಳು.

ಕತ್ತಿ ಆಲೆಮನೆ ಸೇರಿತು. ಅದು ಚೆನ್ನಾಗಿ ತುಕ್ಕು ಹಿಡಿಯಲೆಂದು ದಿನಾ ನೀರು ಚಿಮುಕಿಸುವ ಕೆಲಸ ದೊಡ್ಡೀರನದು.