ಕಂಬಕ್ಕೆ ಒರಗಿದ ಗುರುತು

"ಗುರುಗಳೇ, ಹಳೆಯ ಮನೆಯಿಂದ ಹೊಸ ಮನೆಗೆ ಏನನ್ನು ತರಬೇಕು, ಏನನ್ನು ಬಿಡಬೇಕು?"

ಕೇಳಿದವನು ಮಲ್ಲಿನಾಥ. ಪೇಟೆಯಲ್ಲಿ ಮನೆಗಳ ನಕ್ಷೆ ಬರೆಯುವುದು ಅವನ ಕೆಲಸ. ಅವನ ತಂದೆ ತೀರಿಕೊಂಡು ವರ್ಷ ತುಂಬಿರಲಿಲ್ಲ. ತಂದೆಯ ಮನೆಯ ಗೋಡೆಗಳು ಬಿರುಕು ಬಿಟ್ಟಿದ್ದವು. ಅದನ್ನು ಇಳಿಸಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟಬೇಕಾಗಿತ್ತು. ತಂದೆ ಇದ್ದಾಗ ಸೋಮವಾರಗಳಂದು ಈ ಮಠಕ್ಕೆ ಬರುತ್ತಿದ್ದರು. ಮಗ ಬರತೊಡಗಿದ್ದು ಅವರು ಹೋದ ಮೇಲೆ.

"ಕೇಳಿದವರಿಗೆಲ್ಲ ನಕ್ಷೆ ಬರೆದುಕೊಡುತ್ತೀಯಲ್ಲ?" ಎಂದರು ಗುರುಗಳು.

"ಬರೆದುಕೊಡುತ್ತೇನೆ. ಒಬ್ಬರಿಗೆ ಕಮಾನು ಬೇಕು. ಒಬ್ಬರಿಗೆ ತೊಟ್ಟಿ ಬೇಕು. ಇನ್ನೊಬ್ಬರಿಗೆ ಎರಡೂ ಬೇಕು, ಜೊತೆಗೆ ಕಾರು ನಿಲ್ಲಿಸಲು ಜಾಗವೂ ಬೇಕು. ಎಲ್ಲವನ್ನೂ ಒಂದಕ್ಕೊಂದು ಹೊಂದಿಸುತ್ತೇನೆ. ನನ್ನ ಮನೆಯ ಹಾಳೆ ಮಾತ್ರ ಖಾಲಿ ಇದೆ. ಅಪ್ಪನ ಮನೆಯಿಂದ ಏನನ್ನು ತಂದು ಕೂರಿಸಿದರೂ ವೇಷ ಕಟ್ಟಿದಂತೆ ಕಾಣುತ್ತದೆ. ಏನೂ ತರದಿದ್ದರೆ ಅವರನ್ನು ಎರಡನೆಯ ಸಲ ಕಳುಹಿಸಿಕೊಟ್ಟಂತೆ ಅನಿಸುತ್ತದೆ."

"ಮೊದಲು ಆ ಕಂಬಕ್ಕೆ ಒರಗಿ ಕೂತುಕೋ. ನಡೆದು ಬಂದಿದ್ದೀಯ."

ಮಲ್ಲಿನಾಥ ಕಂಬವನ್ನು ನೋಡಿದ. ಕೂತವರ ತಲೆ ತಾಗುವ ಎತ್ತರದಲ್ಲಿ ಅದು ಎಣ್ಣೆ ಹಿಡಿದು ಕಪ್ಪಾಗಿತ್ತು. ಅವನ ಅಂಗಿ ಬಿಳಿಯದು.

"ಬೇಡ ಗುರುಗಳೇ, ಜಿಡ್ಡು ಹತ್ತುತ್ತದೆ. ಆದರೆ ಮರ ಒಳ್ಳೆಯದು. ನನ್ನ ಕಡೆಯವರನ್ನು ಕಳುಹಿಸುತ್ತೇನೆ. ತಿಕ್ಕಿ, ಮೆರುಗು ಕೊಟ್ಟು ಹೊಸದರಂತೆ ಮಾಡುತ್ತಾರೆ."

ಮಲ್ಲಿನಾಥ ಕಂಬ ಬಿಟ್ಟು ನಡುವೆ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ. ಹೋದಲ್ಲೆಲ್ಲ ಮನೆಗಳನ್ನು ನಿಂತು ನೋಡುತ್ತಿದ್ದ. ಬಾಡಿಗೆ ಮನೆಯಲ್ಲಿದ್ದ ಅವನಿಗೆ ಸ್ವಂತ ಮನೆ ಕಟ್ಟುವ ಕಾಲ ಬಂತು. ನೋಡಿ ಮೆಚ್ಚಿದ್ದನ್ನೆಲ್ಲ ಅವನು ನೆನಪಿನಿಂದ ಹೆಕ್ಕಿ ತೆಗೆದ. ಬಾಗಿಲಿಗೆ ಒಂದು ಸೀಮೆಯ ಕಮಾನು. ಕಿಟಕಿಗಳಿಗೆ ಇನ್ನೊಂದು ಸೀಮೆಯ ಬಣ್ಣದ ಗಾಜು. ನಡುವೆ ಬೆಳಕು ಬೀಳಲು ತೊಟ್ಟಿ. ಮೇಲೆ ಈ ಕಾಲದ ಸಿಮೆಂಟಿನ ತಾರಸಿ. ಅವನಿಗೆ ಒಳ್ಳೆಯ ಕಣ್ಣಿತ್ತು. ಬೇರೆ ಬೇರೆ ಕಾಲದವು ಅವನ ಮನೆಯಲ್ಲಿ ಜಗಳವಾಡದೆ ನಿಂತವು.

ಅವನು ಹೆಂಡತಿಯನ್ನು ಕೇಳಿದ, "ಎಲ್ಲ ನನ್ನ ಇಷ್ಟದ್ದೇ ಆಯಿತು. ನಿನಗೇನು ಬೇಕು ಹೇಳು."

ಅವಳ ತಾಯಿ ತೀರಿಕೊಂಡಿದ್ದಳು. ಅಣ್ಣ ತವರುಮನೆಯನ್ನು ಮಾರಿದ್ದ. ಕೊಂಡವರು ಅದನ್ನು ಕೆಡವುತ್ತಿದ್ದರು.

"ಪಡಸಾಲೆಯಲ್ಲಿ ಅಡಿಗೆಮನೆಯ ಬಾಗಿಲ ಪಕ್ಕ ಒಂದು ಕಂಬವಿದೆ," ಎಂದಳು. "ಅದೊಂದು ಸಾಕು."

ಆಳನ್ನು ಕಳುಹಿಸದೆ ವ್ಯಾಪಾರಿ ತಾನೇ ಹೋದ. ಕಂಬವನ್ನು ಬಿಡಿಸಿ, ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ತಂದ. ಬಾಣಂತಿಯನ್ನು ಕರೆತಂದಂತೆ ತಂದ ಎಂದು ಜನ ನಕ್ಕರು. ಹೆಂಡತಿಗೆ ತೋರಿಸಲಿಲ್ಲ. ಗೃಹಪ್ರವೇಶದ ದಿನ ಒಮ್ಮೆಗೇ ನೋಡಲಿ ಎಂದುಕೊಂಡ. ಆಚಾರಿಯನ್ನು ಕರೆದು ಹೇಳಿದ, "ಇದು ನನ್ನ ಹೆಂಡತಿಯ ತವರಿನದು. ಮನೆಯಲ್ಲಿರುವ ಎಲ್ಲಕ್ಕಿಂತ ಇದು ಚೆನ್ನಾಗಿ ಕಾಣಬೇಕು."

ಆಚಾರಿ ಕಂಬವನ್ನು ಕೆರೆದ. ಉಪ್ಪುಕಾಗದ ಹಾಕಿ ತಿಕ್ಕಿದ. ವಾರ್ನಿಷ್ ಬಳಿದ. ಕಂಬದಲ್ಲಿ ಮುಖ ಕಾಣುವಂತಾಯಿತು. ಅದನ್ನು ತೊಟ್ಟಿಯ ಬಳಿ, ಎಲ್ಲರ ಕಣ್ಣಿಗೆ ಬೀಳುವಲ್ಲಿ ನಿಲ್ಲಿಸಿದರು.

ಗೃಹಪ್ರವೇಶದ ದಿನ ಹಾಲು ಉಕ್ಕಿತು. ಬಂದವರು ಉಂಡು, ಕಮಾನನ್ನು ಹೊಗಳಿ, ಗಾಜನ್ನು ಹೊಗಳಿ ಹೋದರು. ಹೆಂಡತಿ ಕಂಬದ ಬಳಿಗೆ ಬಂದಳು. ಬಗ್ಗಿ, ಕೆಳಗೊಂದು ಕಡೆ ಅಂಗೈಯಿಟ್ಟು ತಡವಿದಳು. ಸುತ್ತ ಬಂದು ಮತ್ತೆ ತಡವಿದಳು.

"ಇದು ಯಾರ ಮನೆಯ ಕಂಬ?" ಎಂದು ಕೇಳಿದಳು.

"ನಿಮ್ಮದೇ ಕಣೇ. ನಾನೇ ನಿಂತು ಬಿಡಿಸಿದ್ದು."

"ಇಲ್ಲಿ ಒಂದು ಗುರುತಿತ್ತು."

"ಆ ಕೊಳೆಯೇ? ತೆಗೆಯುವಷ್ಟರಲ್ಲಿ ಆಚಾರಿಯ ರಟ್ಟೆ ಬಿದ್ದುಹೋಯಿತು."

ಅವಳು ಕೈ ತೆಗೆದಳು.

"ಅದು ಕೊಳೆಯಲ್ಲ. ಅದು ಅವ್ವನ ತಲೆ."

ಆಮೇಲೆ ಅವಳು ಆ ಮಾತನ್ನು ಎತ್ತಲಿಲ್ಲ. ಸಿಟ್ಟು ಮಾಡಲಿಲ್ಲ. ಅಡಿಗೆ ಮಾಡಿದಳು, ಮಗಳಿಗೆ ಜಡೆ ಹಾಕಿದಳು, ಬಂದವರಿಗೆ ನೀರು ಕೊಟ್ಟಳು. ಆದರೆ ಎಲ್ಲವನ್ನೂ ನಿಂತೇ ಮಾಡಿದಳು. ನೆಂಟರ ಮನೆಯಲ್ಲಿ ಎರಡು ದಿನ ಉಳಿದವಳಂತೆ ಓಡಾಡಿದಳು. ಬಾಡಿಗೆ ಮನೆಯಲ್ಲಿ ಹೊಸ್ತಿಲ ಮೇಲಾದರೂ ಕೂತು ಅವನೊಡನೆ ಮಾತಾಡುತ್ತಿದ್ದಳು. ಇಲ್ಲಿ ಉಂಡ ಕೂಡಲೇ ಎದ್ದುಬಿಡುತ್ತಿದ್ದಳು. ಇಷ್ಟು ದೊಡ್ಡ ಮನೆಯಲ್ಲಿ ತನ್ನ ಹೆಂಡತಿಗೆ ಕೂರಲು ಜಾಗವಿಲ್ಲ ಎಂಬುದು ವ್ಯಾಪಾರಿಗೆ ತಿಳಿಯಿತು. ಅವನಿಗೆ ಊಟ ಸೇರದಾಯಿತು.

ಅವನು ಆಚಾರಿಯ ಬಳಿಗೆ ಹೋದ. "ಆಚಾರ್ರೇ, ತೆಗೆದದ್ದನ್ನು ಮತ್ತೆ ಹಾಕಲು ಬರುತ್ತದೆಯೇ?"

"ಅದೇನು ಮಹಾ, ಸಾಹುಕಾರ್ರೇ! ವಾರ್ನಿಷ್ ಕೆರೆದು ಎಣ್ಣೆ ಮಸಿ ಕಲಸಿ ಬಳಿದರೆ ಸಂಜೆಯೊಳಗೆ ನೂರು ವರ್ಷದ ಕಂಬ. ಈಗ ಎಲ್ಲರೂ ಅದನ್ನೇ ಕೇಳುತ್ತಾರೆ."

ಆ ಕೆಲಸವನ್ನು ಆಚಾರಿಗೆ ಬಿಡಲು ವ್ಯಾಪಾರಿಗೆ ಮನಸ್ಸಾಗಲಿಲ್ಲ. ಹೆಂಡತಿ ನೀರಿಗೆ ಹೋದಾಗ ವಾರ್ನಿಷನ್ನು ತಾನೇ ಕೆರೆದ. ಬಟ್ಟಲಿಗೆ ಹರಳೆಣ್ಣೆ ಸುರಿದುಕೊಂಡು, ಒಂದಿಷ್ಟು ದೀಪದ ಮಸಿ ಬೆರೆಸಿ, ಕಂಬದ ಮುಂದೆ ಮಂಡಿಯೂರಿ ಬಟ್ಟೆಯಿಂದ ಉಜ್ಜತೊಡಗಿದ. ಗುರುತಿನ ಎತ್ತರ ಎಷ್ಟೆಂದು ಅವನಿಗೆ ಗೊತ್ತಿರಲಿಲ್ಲ. ಅಗಲ ಎಷ್ಟೆಂದೂ ಗೊತ್ತಿರಲಿಲ್ಲ. ಉಜ್ಜುತ್ತ ಹೋದ.

ಹೆಂಡತಿ ಕೊಡ ಹೊತ್ತು ಒಳಗೆ ಬಂದಳು. ನಿಂತು ನೋಡಿದಳು.

"ಅದು ಯಾರ ತಲೆ?" ಎಂದು ಕೇಳಿದಳು.

ವ್ಯಾಪಾರಿ ಕಳ್ಳನಂತೆ ತಿರುಗಿದ. "ನಿಮ್ಮ ಅವ್ವನದು," ಎಂದ.

"ನಮ್ಮವ್ವ ಏನು ಆನೆಯೇ?"

ಕೊಡ ಇಳಿಸಿದಳು. ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ನೀರು ಬಂದಮೇಲೆ ಅದು ನಗುವಾಗಿ ಉಳಿಯಲಿಲ್ಲ. ವ್ಯಾಪಾರಿ ಬಟ್ಟೆ ಹಿಡಿದುಕೊಂಡು ಹಾಗೆಯೇ ಕೂತಿದ್ದ. ಅತ್ತು ಮುಗಿದ ಮೇಲೆ ಅವಳು ಆ ಮಸಿಯನ್ನು ಸೀಗೆಪುಡಿ ಹಾಕಿ ತೊಳೆದಳು. ಬಟ್ಟಲನ್ನೂ ತೊಳೆದು ಒರಸಿ ಬೇರೆ ಎಣ್ಣೆ ತಂದಳು.

"ಮರಕ್ಕೆ ಇಷ್ಟು ಎಣ್ಣೆ ಹಾಕುವ ಬದಲು ತಲೆಗೆ ಹಾಕಿಕೊಳ್ಳಬಾರದೇ? ಕೂತುಕೊಳ್ಳಿ."

"ನನ್ನ ತಲೆಯಲ್ಲಿ ಎಣ್ಣೆ ನಿಲ್ಲುವಷ್ಟು ಕೂದಲೆಲ್ಲಿದೆ?"

"ಇದ್ದಷ್ಟಕ್ಕೆ ಹಚ್ಚುತ್ತೇನೆ. ಕೂತುಕೊಳ್ಳಿ."

ಅವನು ನೆಲದ ಮೇಲೆ ಕೂತ. ಕೂತವರ ತಲೆಗೆ ಎಣ್ಣೆ ತಿಕ್ಕಬೇಕಾದರೆ ತಿಕ್ಕುವವರೂ ಕೂರಬೇಕು. ಅವಳು ಅವನ ಹಿಂದೆ ಮಣೆ ಹಾಕಿಕೊಂಡು ಕೂತಳು. ಬೆನ್ನಿಗೆ ಆಸರೆ ಬೇಕಾಯಿತು, ಕಂಬಕ್ಕೆ ಒರಗಿದಳು. ಆ ಮನೆಗೆ ಬಂದಮೇಲೆ ಅವಳು ಒರಗಿ ಕೂತದ್ದು ಅದೇ ಮೊದಲು.

ತಿಕ್ಕುತ್ತ ಅವಳು ಹೇಳಿದಳು. ಅವ್ವ ಹೀಗೆಯೇ ಒರಗಿ ಮಕ್ಕಳ ತಲೆಗೆ ಎಣ್ಣೆ ಹಾಕುತ್ತಿದ್ದಳು. ಒಬ್ಬರದಾದ ಮೇಲೆ ಒಬ್ಬರು. ಎಲ್ಲರದೂ ಮುಗಿದ ಮೇಲೆ, ಕೈಯಲ್ಲಿ ಉಳಿದ ಜಿಡ್ಡನ್ನು ತನ್ನ ತಲೆಗೆ ಒರಸಿಕೊಂಡು, ಕಂಬಕ್ಕೆ ತಲೆಯಾನಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದಳು. ದಿನದಲ್ಲಿ ಅವಳಿಗೆಂದು ಇದ್ದದ್ದು ಅಷ್ಟೇ ಹೊತ್ತು. ಅದರ ಗುರುತು ಅದು.

ಅವಳ ಕೈ ನಿಂತಾಗ ವ್ಯಾಪಾರಿ ತಿರುಗಿ ನೋಡಿದ. ಅವಳು ಕಂಬಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು.

ಅಂದಿನಿಂದ ಅವಳು ಮಗಳ ತಲೆಗೂ ಅಲ್ಲಿಯೇ ಎಣ್ಣೆ ಹಾಕಿದಳು. ಅಕ್ಕಿ ಆರಿಸುವುದು, ಬತ್ತಿ ಹೊಸೆಯುವುದು, ಗಂಡನೊಡನೆ ಜಗಳವಾಡುವುದು ಎಲ್ಲಕ್ಕೂ ಅದೇ ಜಾಗವಾಯಿತು. ಕೆಲವು ವರ್ಷಗಳಲ್ಲಿ ಕಂಬದ ಮೇಲೆ ತೆಳುವಾಗಿ ಒಂದು ಗುರುತು ಮೂಡಿತು. ಅದರ ಕೆಳಗೆ, ಪಕ್ಕಕ್ಕೆ, ಇನ್ನೊಂದು ಪುಟ್ಟ ಗುರುತು ಮೂಡಿತು. ಅದು ಮಗಳದು.

ಒಮ್ಮೆ ಮನೆ ನೋಡಲು ಬಂದ ನೆಂಟನೊಬ್ಬ ಹೇಳಿದ, "ಕಮಾನು ಬಹಳ ಚೆನ್ನಾಗಿದೆ. ಗಾಜು ಇನ್ನೂ ಚೆನ್ನಾಗಿದೆ. ಈ ಕಂಬವೊಂದೇ ಕೊಳೆಯಾಗಿದೆ. ಒರಸಬಾರದೇ?"

"ಬೇಡ ಮಾರಾಯ," ಎಂದ ವ್ಯಾಪಾರಿ. "ಮನೆ ಇನ್ನೂ ಕಟ್ಟುತ್ತಾ ಇದ್ದೇವೆ."

ಕತೆ ಅಲ್ಲಿಗೆ ಮುಗಿಯಿತು.

ಮಲ್ಲಿನಾಥ ಕೇಳಿದ,

"ಹಾಗಾದರೆ ಅಪ್ಪನ ಮನೆಯ ಕಂಬಗಳನ್ನು ತರಲೇ, ಬಿಡಲೇ? ಗುರುಗಳೇ, ಅವುಗಳ ಮೇಲೆ ಅಂಥ ಗುರುತೇನೂ ಇಲ್ಲ. ನಾನು ಹುಡುಕಿದೆ. ಅಪ್ಪ ಮನೆಯಲ್ಲಿ ಒರಗಿ ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಸದಾ ಏನಾದರೂ ಕೆಲಸ ಮಾಡುತ್ತಿದ್ದರು."

ಗುರುಗಳು ಅವನ ಹಿಂದಿದ್ದ ಕಂಬದ ಕಡೆ ಕೈ ತೋರಿಸಿದರು.

"ನಿಮ್ಮ ಅಪ್ಪ ಒರಗುತ್ತಿದ್ದದ್ದು ಅಲ್ಲಿ. ಹೋಗಿ ಕೂತು, ನಿನ್ನ ತಲೆ ಎಲ್ಲಿಗೆ ತಾಗುತ್ತದೆ ನೋಡು."

ಮಲ್ಲಿನಾಥ ಎದ್ದುಹೋಗಿ ಕೂತ. ಬಿಳಿ ಅಂಗಿಯಲ್ಲೇ ಬೆನ್ನು ಒರಗಿಸಿ, ಆ ಕಪ್ಪು ಗುರುತಿಗೆ ತಲೆಯಾನಿಸಿದ.