ಬೇಕರಿಯವನು ತೊಳೆದ ದಾರಿ

"ಗುರುಗಳೇ, ತಪ್ಪು ಮಾಡಿದವನು ಎಷ್ಟು ಸಲ ಕ್ಷಮೆ ಕೇಳಬೇಕು?"

ಕೇಳಿದವನು ಪದ್ಮರಾಜ. ಎರಡು ವರ್ಷದಿಂದ ಗುರುಗಳ ಬಳಿ ಬಂದು ಹೋಗುತ್ತಿದ್ದ ಶಿಷ್ಯ. ಗುರುಗಳು ಉತ್ತರಿಸುವ ಮೊದಲೇ ಅವನು ಮುಂದುವರಿಸಿದ.

"ಮದುವೆ ಮನೆಯಲ್ಲಿ ಹತ್ತು ಜನರ ಎದುರು ನನ್ನ ತಮ್ಮನನ್ನು ಸುಳ್ಳುಗಾರ ಎಂದೆ. ಅವನು ಹೇಳಿದ್ದೇ ನಿಜ ಎಂದು ಆಮೇಲೆ ಗೊತ್ತಾಯಿತು. ಮೂರು ಸಲ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮೂರು ಸಲವೂ ಆಯಿತು ಅಣ್ಣ ಎಂದ. ಆದರೆ ವರ್ಷವಾದರೂ ನನ್ನ ಮನೆಗೆ ಬಂದಿಲ್ಲ. ಇನ್ನೆಷ್ಟು ಸಲ ಕೇಳಲಿ?"

ಗುರುಗಳು ಒಂದು ಕತೆ ಹೇಳಿದರು.

ಕಡಲತೀರದ ಒಂದು ಊರಿನಲ್ಲಿ ಒಬ್ಬ ಬೇಕರಿಯವನಿದ್ದ. ಅವನ ಹೆಂಡತಿ ವನಜಾಕ್ಷಿ ಅಂಗನವಾಡಿಯ ಶಿಕ್ಷಕಿ. ಅವರ ಮನೆ ಸ್ವಲ್ಪ ಎತ್ತರದಲ್ಲಿತ್ತು. ಬಾಗಿಲಿನಿಂದ ಕೆಳಗಿನ ಗೇಟಿನವರೆಗೆ ಬೇಕರಿಯ ವ್ಯಾನು ಹತ್ತಿ ಇಳಿಯಲು ಇಳಿಜಾರಾದ ಕಾಂಕ್ರೀಟು ದಾರಿ ಇತ್ತು. ಆ ಊರಿನಲ್ಲಿ ನಾಲ್ಕು ತಿಂಗಳು ಬಿಡದೆ ಮಳೆ. ದಾರಿಯ ಮೇಲೆ ಪಾಚಿ ಕಟ್ಟಿತು. ಮೊದಲು ಹಸಿರಾಗಿತ್ತು, ಆಮೇಲೆ ಕಪ್ಪಾಯಿತು.

"ನೆಲ ಜಾರುತ್ತದೆ, ತೊಳೆಸಿ" ಎಂದು ವನಜಾಕ್ಷಿ ಹೇಳುತ್ತಿದ್ದಳು. "ಈ ಆದಿತ್ಯವಾರ" ಎಂದು ಅವನು ಹೇಳುತ್ತಿದ್ದ. ಹೀಗೆ ಎರಡು ಮಳೆಗಾಲ ಕಳೆದವು. ಅವನು ಸೋಮಾರಿಯಲ್ಲ. ನಸುಕಿನಲ್ಲೇ ಎದ್ದು ಒಲೆ ಹಚ್ಚುವವನು. ಆದರೆ ಅವನ ಕೆಲಸವೆಲ್ಲ ಬೇಕರಿಯಲ್ಲಿತ್ತು. ಮನೆಯ ದಾರಿಯಲ್ಲಿ ಅವನು ನಡೆಯುತ್ತಲೇ ಇರಲಿಲ್ಲ, ವ್ಯಾನಿನಲ್ಲಿ ಬರುತ್ತಿದ್ದ, ವ್ಯಾನಿನಲ್ಲಿ ಹೋಗುತ್ತಿದ್ದ.

ಮೂರನೆಯ ಮಳೆಗಾಲದ ಒಂದು ಮಧ್ಯಾಹ್ನ ಅವನು ಊಟಕ್ಕೆಂದು ಬಂದು ಗೇಟಿನ ಹೊರಗೆ ಹಾರನ್ ಹೊಡೆದ. ಗೇಟು ತೆರೆಯಲು ಯಾರೂ ಬರಲಿಲ್ಲ. ಮತ್ತೊಮ್ಮೆ ಹೊಡೆದ. ಸುರಿಯುವ ಮಳೆಯಲ್ಲಿ ವನಜಾಕ್ಷಿ ಸೆರಗು ತಲೆಗೆ ಹಾಕಿಕೊಂಡು ಓಡಿ ಬಂದಳು. ಅರ್ಧ ದಾರಿಯಲ್ಲಿ ಕಾಲು ಜಾರಿತು. ಅವಳು ಬಿದ್ದದ್ದನ್ನು ಅವನು ವ್ಯಾನಿನ ಗಾಜಿನೊಳಗಿಂದ ನೋಡಿದ.

ಸೊಂಟದ ಬಳಿ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಒಳಗೆ ಲೋಹದ ಪಟ್ಟಿ ಕೂರಿಸಿದರು. ಹದಿನೈದು ದಿನ ಆಸ್ಪತ್ರೆಯಲ್ಲಿರಬೇಕು ಎಂದರು. ಅವನು ಮಂಚದ ಪಕ್ಕ ಕುಳಿತು, "ನನ್ನದೇ ತಪ್ಪು, ಕ್ಷಮಿಸು" ಎಂದ.

"ಇರಲಿ ಬಿಡಿ" ಎಂದಳು ಅವಳು. ಆಮೇಲೆ, "ಇಲ್ಲಿಂದ ನಾನು ಅಕ್ಕನ ಮನೆಗೆ ಹೋಗುತ್ತೇನೆ. ಆ ನೆಲದ ಮೇಲೆ ನನಗೆ ಕಾಲಿಡಲಾಗದು" ಎಂದಳು.

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಸಮಾಧಾನ ಮಾಡುತ್ತಿದ್ದ.

ಆ ದಿನವೇ ಅವನು ಬ್ಲೀಚಿಂಗ್ ಪುಡಿಯನ್ನೂ ತಂತಿಯ ಬ್ರಶ್ಶನ್ನೂ ತಂದು ಉಜ್ಜಿದ. ಸಂಜೆಯವರೆಗೆ ಉಜ್ಜಿದರೂ ಎರಡು ಮಾರು ಜಾಗವೂ ಬೆಳ್ಳಗಾಗಲಿಲ್ಲ. ಮರುದಿನ ಪೇಟೆಗೆ ಹೋದ. ಅಲ್ಲಿ ಏಣಿ, ಪಂಪು, ರಭಸದಿಂದ ನೀರು ಚಿಮ್ಮಿ ನೆಲ ತೊಳೆಯುವ ಯಂತ್ರ, ಇವನ್ನೆಲ್ಲ ಬಾಡಿಗೆಗೆ ಕೊಡುವ ಒಬ್ಬ ಹೆಂಗಸಿದ್ದಳು.

"ತೊಳೆಯಲು ನನ್ನ ಜನ ಇದ್ದಾರೆ, ಕಳಿಸಲೇ?" ಎಂದು ಅವಳು ಕೇಳಿದಳು.

"ಬೇಡ, ನಾನೇ ತೊಳೆಯುತ್ತೇನೆ" ಎಂದ.

ಅವಳು ಯಂತ್ರ ನಡೆಸುವುದನ್ನು ತೋರಿಸಿಕೊಟ್ಟಳು. ನೀರಿನ ಕೊಳವೆಯ ಮೂತಿ ನೆಲದಿಂದ ಒಂದು ಗೇಣು ಮೇಲಿರಬೇಕು, ಓರೆಯಾಗಿರಬೇಕು ಎಂದಳು. ಅವನು ತಲೆಯಾಡಿಸಿದ. ಆದರೆ ಅವನ ಮನಸ್ಸು ಅಲ್ಲಿರಲಿಲ್ಲ.

ಮನೆಗೆ ಬಂದವನೇ ಅವಳು ಬಿದ್ದ ಜಾಗಕ್ಕೆ ಹೋದ. ಯಂತ್ರ ಶುರು ಮಾಡಿ ಮೂತಿಯನ್ನು ನೆಲಕ್ಕೆ ಒತ್ತಿ ಹಿಡಿದ. ಪಾಚಿ ಹಾರಿತು. ಅವನು ಬಿಡಲಿಲ್ಲ. ಸಿಮೆಂಟಿನ ಸಿಪ್ಪೆ ಎದ್ದಿತು. ಆಗಲೂ ಬಿಡಲಿಲ್ಲ. ಜಲ್ಲಿಕಲ್ಲು ಸಿಡಿದು ಮೊಣಕಾಲಿಗೆ ಬಡಿದಾಗ ಯಂತ್ರ ನಿಲ್ಲಿಸಿದ. ನೆಲದಲ್ಲಿ ತಟ್ಟೆಯಷ್ಟು ಗುಂಡಿ ಬಿದ್ದಿತ್ತು. ಮಿಕ್ಕ ದಾರಿಯೆಲ್ಲ ಮೊದಲಿನಂತೆಯೇ ಕಪ್ಪಾಗಿತ್ತು.

ಅವನು ಆ ಹೆಂಗಸನ್ನು ಕರೆದುಕೊಂಡು ಬಂದು ತೋರಿಸಿ, ಹೆಂಡತಿ ಜಾರಿ ಬಿದ್ದದ್ದು ಇಲ್ಲೇ ಎಂದ. ಅವಳು ಗುಂಡಿಯನ್ನು ನೋಡಿದಳು, ಅವನನ್ನೂ ನೋಡಿದಳು.

"ನೆಲವನ್ನು ಹೊಡೆದಿದ್ದೀರಿ" ಎಂದಳು. "ಹೊಡೆದರೆ ನೆಲ ಒಡೆಯುತ್ತದೆ, ಪಾಚಿ ಹೋಗುವುದಿಲ್ಲ. ಅವರು ಬಿದ್ದ ಜಾಗದಿಂದ ಶುರು ಮಾಡಬೇಡಿ. ಬಾಗಿಲಿನಿಂದ ಶುರು ಮಾಡಿ, ಇಳಿಜಾರಿನ ಜೊತೆ ಕೆಳಗೆ ಬನ್ನಿ. ಇಲ್ಲದಿದ್ದರೆ ಮೇಲಿನ ಕೊಳೆ ತೊಳೆದ ಜಾಗಕ್ಕೇ ಇಳಿಯುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಎತ್ತರ, ಒಂದೇ ವೇಗ."

"ಎಷ್ಟು ದಿನ ಬೇಕು?"

"ನಿಮ್ಮಂಥವರಿಗೆ ಹತ್ತು ದಿನ ಬೇಕಾದೀತು. ನನ್ನವರಿಗೆ ಕೊಟ್ಟರೆ ಒಂದೇ ದಿನ."

"ನಾನೇ ತೊಳೆಯುತ್ತೇನೆ" ಎಂದು ಅವನು ಮತ್ತೆ ಹೇಳಿದ.

ಮರುದಿನದಿಂದ ಬೆಳಗಿನ ಬ್ರೆಡ್ಡು ಇಳಿಸಿ ಅಂಗಡಿಯನ್ನು ತನ್ನ ತಮ್ಮನ ಕೈಗೆ ಒಪ್ಪಿಸಿ ಅವನು ಮನೆಗೆ ಬರುತ್ತಿದ್ದ. ಬಾಗಿಲಿನ ಮೆಟ್ಟಿಲ ಬಳಿ ಯಂತ್ರ ಇಟ್ಟ. ಒಂದು ಗೇಣು ಎತ್ತರದಲ್ಲಿ ಮೂತಿ ಹಿಡಿದ. ಮೊದಲ ಪಟ್ಟಿ ಬೆಳ್ಳಗೆ ಎದ್ದು ಬಂತು. ಅದನ್ನು ನೋಡಿ ಅವನು ನಿಂತುಬಿಟ್ಟ. ಕಾಂಕ್ರೀಟಿನ ಬಣ್ಣವೇ ಅದು ಎಂಬುದು ಅವನಿಗೆ ಮರೆತುಹೋಗಿತ್ತು. ಪಕ್ಕದ ನೆಲ ಈಗ ಮೊದಲಿಗಿಂತ ಕಪ್ಪಾಗಿ ಕಂಡಿತು. ಎರಡು ವರ್ಷ ಅವಳು ನಡೆದದ್ದು ಇದರ ಮೇಲೆ ಎಂದುಕೊಂಡ.

ಎರಡನೆಯ ಪಟ್ಟಿಯನ್ನು ಮೊದಲನೆಯದರ ಮೇಲೆ ಎರಡು ಬೆರಳಿನಷ್ಟು ಹಾಯಿಸಿ ತೊಳೆದ. ಆಮೇಲೆ ಮೂರನೆಯದು.

ಮೂರನೆಯ ದಿನ ಯಂತ್ರ ಹಿಡಿದು ಹಿಡಿದು ಕೈ ಸೋತಿತು. ಬೇಕರಿಯಲ್ಲಿ ಬನ್ನು ಉಂಡೆ ಕಟ್ಟುವಾಗ ಒಂದೊಂದು ಒಂದೊಂದು ಗಾತ್ರವಾಯಿತು. ನಾಲ್ಕನೆಯ ದಿನ ದಾರಿಯ ಒಂದು ಅಂಚು ಬಿಸಿಲಿನಲ್ಲೂ ಒಣಗದಿರುವುದನ್ನು ಕಂಡ. ತಾರಸಿಯ ಟ್ಯಾಂಕಿನಿಂದ ಉಕ್ಕಿದ ನೀರು ಒಂದು ಪೈಪಿನಲ್ಲಿ ತೊಟ್ಟಿಕ್ಕಿ ಅಲ್ಲಿಗೇ ಬೀಳುತ್ತಿತ್ತು. ಆ ಪೈಪನ್ನು ಕತ್ತರಿಸಿ ಚರಂಡಿಗೆ ತಿರುಗಿಸಿದ. ಕೆಳಗೆ ಇಳಿದ ಕಪ್ಪು ಕೆಸರು ಎದುರುಮನೆಯವರ ಗೇಟಿನ ಮುಂದೆ ನಿಂತಿತು. ಅದನ್ನು ಬುಟ್ಟಿಯಲ್ಲಿ ತುಂಬಿ ಹೊತ್ತು ಹಾಕಿದ.

ಆರನೆಯ ದಿನ ಮಳೆ ಸುರಿಯಿತು. ಅವನು ಮಳೆಯಲ್ಲೇ ತೊಳೆದ. ಎದುರುಮನೆಯವರು ಕೊಡೆ ಹಿಡಿದು ಬಂದು, "ಮಳೆಯಲ್ಲಿ ಯಾರಾದರೂ ನೆಲ ತೊಳೆಯುತ್ತಾರೆಯೇ?" ಎಂದು ಕೇಳಿದರು.

"ಅವಳು ಬಿದ್ದದ್ದು ಮಳೆಯಲ್ಲೇ" ಎಂದು ಅವನು ಕೆಲಸ ಮುಂದುವರಿಸಿದ.

ಹನ್ನೊಂದನೆಯ ದಿನ ಗೇಟು ಮುಟ್ಟಿದ. ಮರುದಿನ ಗುಂಡಿಗೆ ಸಿಮೆಂಟು ತುಂಬಿದ. ತೇಪೆಯ ಬಣ್ಣ ಹೊಂದಲಿಲ್ಲ. ಅದು ಒಣಗಿದ ಮೇಲೆ ಬರಿಗಾಲಿನಲ್ಲಿ ಬಾಗಿಲಿನಿಂದ ಗೇಟಿನವರೆಗೆ ನಡೆದ. ನೀರು ಸುರಿದು ಮತ್ತೆ ನಡೆದ. ಎಲ್ಲಿಯೂ ಕಾಲು ಜಾರಲಿಲ್ಲ.

ಅವನು ಆಸ್ಪತ್ರೆಗೆ ಹೋಗಿ, "ಒಂದು ಸಲ ಬಂದು ನೋಡು. ಬೇಡವೆಂದರೆ ನಾನೇ ಅಕ್ಕನ ಮನೆಗೆ ಬಿಟ್ಟು ಬರುತ್ತೇನೆ" ಎಂದ. ವನಜಾಕ್ಷಿ ಒಪ್ಪಿದಳು. ಅಕ್ಕನೂ ಭಾವನೂ ಜೊತೆಗೆ ಬಂದರು.

ಗೇಟಿನ ಬಳಿ ಅವಳನ್ನು ಇಳಿಸಿ ಕೈಗೆ ವಾಕರ್ ಕೊಟ್ಟರು. ದಾರಿ ಹೊಸದರಂತೆ ಇತ್ತು. ಅವಳು ನೋಡಿದಳು. ವಾಕರನ್ನು ಒಂದು ಹೆಜ್ಜೆ ಮುಂದಿಟ್ಟಳು. ಹಿಂದಕ್ಕೆ ತೆಗೆದಳು. ಮತ್ತೆ ಇಟ್ಟಳು, ಮತ್ತೆ ತೆಗೆದಳು. ಅವಳ ಹಣೆ ಬೆವರಿತು.

"ಹನ್ನೊಂದು ದಿನ ತೊಳೆದಿದ್ದೇನೆ" ಎಂದ ಅವನು. "ಒಂದು ಚುಕ್ಕೆ ಪಾಚಿ ಇಲ್ಲ."

"ಕಾಣುತ್ತದೆ" ಎಂದಳು ಅವಳು. "ಕಣ್ಣಿಗೆ ಗೊತ್ತಾಯಿತು. ಕಾಲಿಗೆ ಗೊತ್ತಾಗುತ್ತಿಲ್ಲ. ಏನು ಮಾಡಲಿ?"

ಅವನಿಗೆ ಸಿಟ್ಟು ಬಂತು. ಇನ್ನೇನು ಮಾಡಬೇಕು ನಾನು ಎಂದು ಕೇಳಬೇಕೆನಿಸಿತು. ಆದರೆ ಒಳಗಿನಿಂದ ಕುರ್ಚಿ ತಂದು ಅವಳನ್ನು ಕೂರಿಸಿದ. ಅವನೂ ಭಾವನೂ ಎತ್ತಿಕೊಂಡು ನಡೆದರು. ಬಾಗಿಲು ದಾಟುವವರೆಗೂ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಆದರೆ ಅಕ್ಕನ ಮನೆಗೆ ಹೋಗುತ್ತೇನೆ ಎನ್ನಲಿಲ್ಲ.

ಮುಂದಿನ ಶನಿವಾರ ಅವನು ಯಂತ್ರವನ್ನು ಮತ್ತೆ ಬಾಡಿಗೆಗೆ ತಂದ. ಬಾಗಿಲಿನಿಂದ ಗೇಟಿನವರೆಗೆ ತೊಳೆದ. ಅವಳು ಕಿಟಕಿಯಲ್ಲಿ ಕುಳಿತು ನೋಡುತ್ತಿದ್ದಳು. ಅದರ ಮುಂದಿನ ಶನಿವಾರವೂ ತೊಳೆದ. ಕೊನೆಗೆ ಆ ಹೆಂಗಸಿನಿಂದ ಹಳೆಯ ಯಂತ್ರವೊಂದನ್ನು ಕೊಂಡೇ ಬಿಟ್ಟ. ಹಾರನ್ ಹೊಡೆಯುವುದನ್ನು ಬಿಟ್ಟ. ವ್ಯಾನನ್ನು ರಸ್ತೆಯಲ್ಲೇ ನಿಲ್ಲಿಸಿ, ತಾನೇ ಗೇಟು ತೆರೆದು, ನಡೆದು ಮನೆಗೆ ಬರುತ್ತಿದ್ದ. ಅವಳನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕಾದಾಗಲೆಲ್ಲ ಭಾವನನ್ನು ಕರೆಸಿ ಕುರ್ಚಿಯಲ್ಲಿ ಹೊರುತ್ತಿದ್ದ. ಇನ್ನಾದರೂ ನಡೆ ಎಂದು ಒಂದು ದಿನವೂ ಹೇಳಲಿಲ್ಲ.

ಮನೆಯೊಳಗೆ ಅವಳು ವಾಕರ್ ಹಿಡಿದು ನಡೆದಳು. ಆಮೇಲೆ ಕೋಲು ಹಿಡಿದು ನಡೆದಳು. ಅಡುಗೆ ಮಾಡಿದಳು. ಬಾಗಿಲಿನ ಮೆಟ್ಟಿಲವರೆಗೆ ಬಂದು ನಿಲ್ಲುತ್ತಿದ್ದಳು. ಅಲ್ಲಿಂದ ಮುಂದೆ ಕಾಲು ಏಳುತ್ತಿರಲಿಲ್ಲ. ಅಂಗನವಾಡಿಯಲ್ಲಿ ಅವಳ ಬದಲಿಗೆ ಬೇರೆಯವರು ಪಾಠ ಹೇಳುತ್ತಿದ್ದರು.

ಮಳೆಗಾಲ ಮುಗಿಯಿತು. ಬಿಸಿಲಿಗೆ ದಾರಿ ಒಣಗಿ ಕಾದಿತು. ಪಾಚಿಯ ಸುಳಿವೇ ಇಲ್ಲದ ದಿನಗಳಲ್ಲೂ ಅವನು ತೊಳೆದ. ನೀರು ಕಡಿಮೆಯಾದ ತಿಂಗಳಲ್ಲಿ ಪೊರಕೆ ಹಿಡಿದು ಗುಡಿಸಿದ.

"ಶುದ್ಧವಾಗಿಯೇ ಇದೆಯಲ್ಲ, ಯಾಕೆ ಕಷ್ಟಪಡುತ್ತೀರಿ?" ಎಂದು ಅವಳು ಒಮ್ಮೆ ಕೇಳಿದಳು.

"ಈಗ ಬಿಟ್ಟರೆ ಮಳೆ ಬಂದಾಗ ಇದು ಹೇಗಿರುತ್ತದೆ ಎಂದು ನನಗೆ ಗೊತ್ತು" ಎಂದ ಅವನು.

ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಮತ್ತೆ ಮಳೆ ಹಿಡಿಯಿತು. ಎರಡು ವಾರ ಬಿಡದೆ ಸುರಿಯಿತು. ಊರಿನ ಎಲ್ಲ ಮನೆಗಳ ಮುಂದೆ ಪಾಚಿ ಕಟ್ಟಿತು. ಇವನ ದಾರಿಯಲ್ಲಿ ಕಟ್ಟಲಿಲ್ಲ.

ಒಂದು ಬೆಳಿಗ್ಗೆ ಅವನು ಬೇಕರಿಯಿಂದ ಬಂದು ರಸ್ತೆಯಲ್ಲಿ ವ್ಯಾನು ನಿಲ್ಲಿಸಿದ. ಗೇಟಿಗೆ ಕೈ ಹಾಕಿದವನು ಹಾಗೆಯೇ ನಿಂತ. ವನಜಾಕ್ಷಿ ದಾರಿಯ ಮಧ್ಯದಲ್ಲಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಕೊಡೆ, ಹೆಗಲಲ್ಲಿ ಚೀಲ. ನೆಲದ ಮೇಲೆ ನೀರು ಹರಿಯುತ್ತಿತ್ತು. ಅವಳು ಕೋಲು ಊರಿ ಒಂದು ಹೆಜ್ಜೆ ಇಟ್ಟಳು, ನಿಂತಳು, ಇನ್ನೊಂದು ಹೆಜ್ಜೆ ಇಟ್ಟಳು. ಓಡಿ ಹೋಗಿ ಕೈ ಹಿಡಿಯಬೇಕೆಂದು ಅವನಿಗೆ ಅನ್ನಿಸಿತು. ಹಿಡಿಯಲಿಲ್ಲ. ಮಳೆಯಲ್ಲಿ ನೆನೆಯುತ್ತ ನಿಂತ.

ಅವಳು ಗೇಟಿನವರೆಗೆ ಬಂದಳು.

"ದಾರಿ ಬಿಡಿ" ಎಂದಳು. "ಮಕ್ಕಳು ಬರುವ ಹೊತ್ತಾಯಿತು."

ಅವನು ಪಕ್ಕಕ್ಕೆ ಸರಿದು ಗೇಟು ತೆರೆದು ಹಿಡಿದ. ಅವಳು ರಸ್ತೆಗಿಳಿದು ಅಂಗನವಾಡಿಯ ಕಡೆಗೆ ನಡೆದಳು.

ಗುರುಗಳು ಕತೆ ನಿಲ್ಲಿಸಿದರು. ಪದ್ಮರಾಜ ಮುಂದೆ ಇನ್ನೇನೋ ಇದೆ ಎಂದುಕೊಂಡಿದ್ದ.

"ಹಾಗಾದರೆ ಅವಳು ಅವನನ್ನು ಕ್ಷಮಿಸಿದಳೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಕ್ಷಮಿಸಿದೆಯೇ ಎಂದು ಅವನು ಇಂದಿನವರೆಗೂ ಅವಳನ್ನು ಕೇಳಿಲ್ಲ. ಶನಿವಾರ ಬಂದರೆ ದಾರಿ ತೊಳೆಯುತ್ತಾನೆ."